ಸೈನಸ್ ಸೋಂಕು ಮೆದುಳಿನ ಕಡೆ ತಿರುಗುತ್ತಿದೆಯಾ? ಮನೆಯಲ್ಲೇ ಗುರುತಿಸುವುದು ಹೇಗೆ, ಮುಂದೆ ಏನು ಮಾಡಬೇಕು

ನನ್ನ ಅಕ್ಕನ ಮಗನಿಗೆ ಆಗ 14 ವರ್ಷ. ಎಲ್ಲರಿಗೂ ಬರುವಂಥ ನೆಗಡಿಯೇ ಅವನಿಗೂ ಬಂತು. 6ನೇ ದಿನಕ್ಕೆ ಹೆಚ್ಚು ಕಡಿಮೆ ಹುಷಾರಾದ. 8ನೇ ದಿನ ಮತ್ತೆ ಜ್ವರ, ಜೊತೆಗೆ ಹಣೆನೋವು. ಹಿಂದಿನ ಸಲ ಉಳಿದಿದ್ದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಎರಡು ದಿನ ಕೊಟ್ಟರು. ಜ್ವರ ಇಳಿಯಿತು. ಸದ್ಯ, ಮುಗಿಯಿತಲ್ಲ ಅಂದುಕೊಂಡರು.

12ನೇ ದಿನ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳಲು ಕೂತ. ಲೇಸ್ ಕೈಯಲ್ಲಿ ಹಿಡಿದವನು ಹಾಗೇ ಕೂತಿದ್ದ. ಕರೆದರೆ "ಹೂಂ" ಅನ್ನುತ್ತಿದ್ದ, ಲೇಸ್ ಮಾತ್ರ ಕಟ್ಟುತ್ತಿರಲಿಲ್ಲ. ಅಕ್ಕ ಹಣೆ ಮುಟ್ಟಿ ನೋಡಿದಳು. ಹುಬ್ಬಿನ ಮೇಲೆ ಮೆತ್ತಗೆ ಊದಿಕೊಂಡಿತ್ತು. ಹೆಬ್ಬೆರಳಿನಿಂದ ಒತ್ತಿದ ಕಡೆ ಸಣ್ಣ ಗುಳಿ ಬಿತ್ತು, ಬೇಗ ಮೇಲೇಳಲಿಲ್ಲ.

ಅವತ್ತು ಸಂಜೆಯೊಳಗೆ ಸ್ಕ್ಯಾನ್ ಆಯಿತು. ಹಣೆಯ ಸೈನಸ್‌ನಲ್ಲಿ ಕೀವು. ಅದರ ಹಿಂದೆ, ಮೆದುಳಿನ ಹೊದಿಕೆಯ ಕೆಳಗೂ ಕೀವು. ರಾತ್ರಿಯೇ ಆಪರೇಷನ್ ಮಾಡಿದರು. ಹುಡುಗ ಉಳಿದ, ಈಗ ಚೆನ್ನಾಗಿದ್ದಾನೆ. ಆದರೆ 8ನೇ ದಿನದಿಂದ 12ನೇ ದಿನದವರೆಗೆ ನಾವೆಲ್ಲ ಅವನ ಸುತ್ತಲೇ ಇದ್ದೆವು. ಏನನ್ನು ನೋಡಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಥದ್ದು ಬಹಳ ಅಪರೂಪ. ನೆಗಡಿ ಬರುವುದು ವೈರಸ್‌ನಿಂದ. ದೊಡ್ಡವರಲ್ಲಿ 100 ನೆಗಡಿಗಳಲ್ಲಿ ಹೆಚ್ಚೆಂದರೆ 2 ಮಾತ್ರ ಬ್ಯಾಕ್ಟೀರಿಯಾದ ಸೈನಸ್ ಸೋಂಕಾಗುತ್ತವೆ. ಅದರಲ್ಲೂ ಮೆದುಳಿನವರೆಗೆ ಹೋಗುವುದು ತೀರಾ ಕಡಿಮೆ. ಹಾಗಾಗಿ ಪ್ರತಿ ನೆಗಡಿಗೂ ಹೆದರಬೇಕಿಲ್ಲ. ಆದರೆ ಹೋದಾಗ ಲೆಕ್ಕಕ್ಕೆ ಬರುವುದು ದಿನಗಳಲ್ಲ, ಗಂಟೆಗಳು.

ಮೂಗಿನ ಪಕ್ಕದ ಕೀವು ಮೆದುಳಿಗೆ ಹೋಗುವುದು ಹೇಗೆ?

ಸೈನಸ್ ಅಂದರೆ ಮುಖದ ಮೂಳೆಯೊಳಗಿನ ಗಾಳಿ ತುಂಬಿದ ಗೂಡುಗಳು. ಕೆನ್ನೆಯಲ್ಲಿ, ಎರಡು ಕಣ್ಣುಗಳ ನಡುವೆ, ಹಣೆಯಲ್ಲಿ, ಮೂಗಿನ ತೀರಾ ಹಿಂದೆ ತಲೆಯ ನಡುಮಧ್ಯದಲ್ಲಿ, ಹೀಗೆ ನಾಲ್ಕು ಜೊತೆ. ಎಲ್ಲಕ್ಕೂ ಮೂಗಿನೊಳಗೆ ತೆರೆಯುವ ಸಣ್ಣ ಬಾಯಿ ಇದೆ. ನೆಗಡಿಯಲ್ಲಿ ಆ ಬಾಯಿ ಊದಿ ಮುಚ್ಚಿದರೆ ಒಳಗೆ ದ್ರವ ನಿಲ್ಲುತ್ತದೆ. ನಿಂತದ್ದು ಕೀವಾಗಬಹುದು.

ಹಣೆಯ ಸೈನಸ್‌ನ ಹಿಂಗೋಡೆ ತೆಳ್ಳಗಿನ ಮೂಳೆ. ಅದರ ಆಚೆ ಮೆದುಳಿನ ಹೊದಿಕೆ, ಅದರಾಚೆ ಮೆದುಳು. ಕೀವು ಈ ಮೂಳೆಯನ್ನು ಕೊರೆದು ದಾಟಬಹುದು. ಆದರೆ ಮೂಳೆ ಕೊರೆಯದೆಯೂ ಇನ್ನೊಂದು ದಾರಿ ಇದೆ. ಮೂಳೆಯೊಳಗೆ ಹಾದುಹೋಗುವ ಸಣ್ಣ ಸಣ್ಣ ರಕ್ತನಾಳಗಳಿವೆ. ಕೈಕಾಲಿನ ನಾಳಗಳಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಇರುತ್ತದೆ, ಇವುಗಳಲ್ಲಿ ಇಲ್ಲ. ಅಂದರೆ ಇಲ್ಲಿ ರಕ್ತ ಎರಡೂ ಕಡೆ ಹರಿಯಬಲ್ಲದು. ರೋಗಾಣು ಅದರ ಜೊತೆಗೇ ಒಳಗೆ ಹೋಗುತ್ತದೆ. ಅದಕ್ಕೇ ಕೆಲವರಲ್ಲಿ ಮೂಳೆ ಸರಿಯಾಗಿಯೇ ಇದ್ದರೂ ಮೆದುಳಿನ ಬಳಿ ಕೀವು ಸಿಗುತ್ತದೆ.

ಇದು ಹರೆಯದ ಹುಡುಗರಲ್ಲಿ ಜಾಸ್ತಿ. ಹಣೆಯ ಸೈನಸ್ ಹುಟ್ಟುವಾಗ ಇರುವುದಿಲ್ಲ. 6-7 ವರ್ಷದ ಹೊತ್ತಿಗೆ ಕಾಣಿಸಿಕೊಂಡು ಹರೆಯ ಮುಗಿಯುವವರೆಗೆ ಬೆಳೆಯುತ್ತದೆ. ಆ ಬೆಳೆಯುವ ಕಾಲದಲ್ಲಿ ಅಲ್ಲಿನ ಮೂಳೆಯಲ್ಲಿ ರಕ್ತದ ಓಡಾಟವೂ ಹೆಚ್ಚು. ಇನ್ನೊಂದು ಮುಖ್ಯ ಸಂಗತಿ: ಹೀಗಾದ ಎಷ್ಟೋ ಮಕ್ಕಳಿಗೆ ಹಿಂದೆ ಸೈನಸ್ ತೊಂದರೆಯೇ ಇರುವುದಿಲ್ಲ. "ನಮ್ಮ ಮಗನಿಗೆ ಸೈನಸ್ ಇಲ್ವಲ್ಲ" ಅಂತ ಸುಮ್ನೆ ಕೂರುವಂತಿಲ್ಲ.

ಹಂತ 1: ದಿನ ಎಣಿಸಿ, ಬರೆದಿಡಿ

ನೆಗಡಿ ಶುರುವಾದ ತಾರೀಖನ್ನು ಫೋನಿನಲ್ಲೋ ಕ್ಯಾಲೆಂಡರಿನಲ್ಲೋ ಗುರುತು ಮಾಡಿ. ಇಷ್ಟು ಸಣ್ಣ ಕೆಲಸ, ಆದರೆ ವೈದ್ಯರು ಮೊದಲು ಕೇಳುವುದೇ ಇದನ್ನು. "ಒಂದು ವಾರ, ಹತ್ತು ದಿನ ಆಗಿರಬಹುದು" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಸಾಮಾನ್ಯ ನೆಗಡಿ 3ರಿಂದ 5ನೇ ದಿನದವರೆಗೆ ಏರಿ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಸಿಂಬಳ ಹಳದಿ, ಹಸಿರು ಆದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಂತಲ್ಲ. ಬಣ್ಣಕ್ಕಿಂತ ದಿಕ್ಕು ಮುಖ್ಯ. ಮೂರು ಸಂದರ್ಭಗಳಲ್ಲಿ ವೈದ್ಯರನ್ನು ನೋಡಿ. 10 ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ. ಶುರುವಿನಲ್ಲೇ 102 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಜ್ವರ, ಅದರ ಜೊತೆ ಕೀವಿನಂಥ ಸಿಂಬಳ ಅಥವಾ ಮುಖದ ನೋವು 3-4 ದಿನ ಬಿಡದೆ ಇದ್ದರೆ. ಮತ್ತು, ಇದನ್ನು ಗೆರೆ ಎಳೆದು ಓದಿ, ಒಂದು ಸಲ ವಾಸಿಯಾಗುತ್ತಾ ಬಂದು ಮತ್ತೆ ಕೆಟ್ಟರೆ. ನಮ್ಮ ಹುಡುಗನಿಗೆ 8ನೇ ದಿನ ಆದದ್ದು ಇದೇ. ನಾವು ಅದನ್ನು ಹೊಸ ನೆಗಡಿ ಅಂದುಕೊಂಡೆವು.

ಜ್ವರವನ್ನು ಮಾತ್ರೆ ಕೊಡುವ ಮೊದಲು ಅಳೆಯಿರಿ. ಪ್ಯಾರಾಸಿಟಮಾಲ್ ಕೊಟ್ಟ ಗಂಟೆಯನ್ನೂ ಬರೆಯಿರಿ. ಮಾತ್ರೆಯ ನಂತರ ಅಳೆದು "ಜ್ವರ ಇಲ್ಲ" ಅಂದುಕೊಳ್ಳುವುದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡ ಹಾಗೆ.

ಹಂತ 2: ತಲೆನೋವಿನ ಜಾತಿ ಬದಲಾಯಿತಾ ನೋಡಿ

ಸೈನಸ್ ಸೋಂಕಿನಲ್ಲಿ ತಲೆನೋವು ಇರುವುದೇ. ಬಗ್ಗಿದರೆ ಹಣೆ, ಕೆನ್ನೆ ಭಾರವಾಗುತ್ತದೆ, ಮಾತ್ರೆ ತೆಗೆದುಕೊಂಡರೆ ತಗ್ಗುತ್ತದೆ. ಅದು ಬೇರೆ, ಮೆದುಳಿನ ಒತ್ತಡದ ನೋವು ಬೇರೆ. ಒತ್ತಡದ ನೋವು ದಿನದಿಂದ ದಿನಕ್ಕೆ ಏರುತ್ತದೆ, ಮಾತ್ರೆಗೆ ಜಗ್ಗುವುದಿಲ್ಲ, ಮಲಗಿದರೆ ಹೆಚ್ಚಾಗುತ್ತದೆ, ನಿದ್ದೆಯಿಂದ ಎಬ್ಬಿಸುತ್ತದೆ. ಬೆಳಗಿನ ಜಾವ ವಾಂತಿ ಬರಬಹುದು. ಹೊಟ್ಟೆಯ ತೊಂದರೆ ಏನೂ ಇಲ್ಲದೆ ತಲೆನೋವಿನ ಜೊತೆ ಪದೇ ಪದೇ ವಾಂತಿಯಾದರೆ ಅದನ್ನು ಪಿತ್ತ ಅಂತ ತಳ್ಳಿಹಾಕಬೇಡಿ.

ಇನ್ನೊಂದು ಗುರುತು ನಡವಳಿಕೆ. ಹಣೆಯ ಸೈನಸ್‌ನ ಹಿಂದಿರುವುದು ಮೆದುಳಿನ ಮುಂಭಾಗ. ಅಲ್ಲಿ ಪೆಟ್ಟಾದರೆ ಕೈಕಾಲು ಬೀಳಲೇಬೇಕೆಂದಿಲ್ಲ, ಮಾತು ನಿಲ್ಲಲೇಬೇಕೆಂದಿಲ್ಲ. ಮನುಷ್ಯ ಮಂಕಾಗುತ್ತಾನೆ, ಅಷ್ಟೇ. ಶುರು ಮಾಡಿದ ಕೆಲಸ ಮುಗಿಸುವುದಿಲ್ಲ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತಾನೆ, ಸುಮ್ನೆ ರೇಗುತ್ತಾನೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಮಾಡುತ್ತಾನೆ. ಹರೆಯದ ಹುಡುಗ ಹೀಗಿದ್ದರೆ ಯಾರಿಗೆ ತಾನೇ ಅನುಮಾನ ಬರುತ್ತದೆ, ಅಲ್ವಾ? ಅಕ್ಕನಿಗೆ ಆ ಶೂ ಲೇಸ್ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಜ್ವರದ ಸುಸ್ತಿನಲ್ಲೂ ಮಕ್ಕಳು ಮಂಕಾಗಿಯೇ ಇರುತ್ತಾರೆ, ನಿಜ. ಆದರೆ ಜ್ವರ ಇಳಿದಾಗ ಸ್ವಲ್ಪವಾದರೂ ಗೆಲುವಾಗುತ್ತಾರೆ. ಜ್ವರ ಇಳಿದರೂ ಮಂಕು ಇಳಿಯದಿದ್ದರೆ ಅದನ್ನು ಸುಸ್ತು ಅನ್ನಬೇಡಿ.

ಹಂತ 3: ಈ ಗುರುತು ಕಂಡರೆ ನಾಳೆಗೆ ಇಡಬೇಡಿ

ಕೆಳಗೆ ಹೇಳುವ ಯಾವುದಾದರೂ ಒಂದು ಕಂಡರೂ ಸಾಕು, ಅದೇ ದಿನ, ಅದೇ ಹೊತ್ತಿನಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಹಣೆಯ ಮೇಲೆ ಮೆತ್ತಗಿನ ಊತ. ಇದಕ್ಕೆ ಪಾಟ್ಸ್ ಪಫಿ ಟ್ಯೂಮರ್ ಅನ್ನುತ್ತಾರೆ. ಪರ್ಸಿವಲ್ ಪಾಟ್ ಅನ್ನುವ ಲಂಡನ್ನಿನ ಸರ್ಜನ್ 1760ರಲ್ಲಿ ಇದನ್ನು ವಿವರಿಸಿದರು. ಹೆಸರಿನಲ್ಲಿ ಟ್ಯೂಮರ್ ಇದ್ದರೂ ಇದು ಗಡ್ಡೆಯಲ್ಲ, ಕ್ಯಾನ್ಸರ್ ಅಲ್ಲ. ಆಗ ಊತಕ್ಕೆಲ್ಲ ಆ ಪದ ಬಳಸುತ್ತಿದ್ದರು. ಹಣೆಯ ಮೂಳೆಗೆ ಸೋಂಕು ತಗುಲಿ ಮೂಳೆಯ ಮೇಲ್ಪದರದ ಕೆಳಗೆ ಕೀವು ಕಟ್ಟಿದೆ ಅನ್ನುವುದು ಇದರ ಅರ್ಥ. ಹೊರಗೆ ಊತ ಕಂಡರೆ ಒಳಗೂ ಕೀವು ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಬಾಮ್ ಹಚ್ಚಿ ಕಾಯುವಂಥದ್ದಲ್ಲ.

ಕಣ್ಣಿನ ಸುತ್ತ ಊತ, ಕೆಂಪು. ಕಣ್ಣು ಮುಂದಕ್ಕೆ ಬಂದ ಹಾಗೆ ಕಾಣುವುದು, ಕಣ್ಣು ಆಡಿಸಿದರೆ ನೋವು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು. ಒಂದೊಂದೇ ಕಣ್ಣು ಮುಚ್ಚಿ ಕೆಂಪು ವಸ್ತುವೊಂದನ್ನು ನೋಡಲು ಹೇಳಿ. ಒಂದು ಕಣ್ಣಿಗೆ ಕೆಂಪು ಮಾಸಿದ ಹಾಗೆ ಕಂಡರೆ ಕಣ್ಣಿನ ನರಕ್ಕೆ ಒತ್ತಡ ಬಿದ್ದಿರಬಹುದು. ಊತ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಡಿದರಂತೂ ತಡಮಾಡಲೇಬೇಡಿ. ಎರಡೂ ಕಣ್ಣಿನ ಹಿಂದೆ ಇರುವ ಕ್ಯಾವರ್ನಸ್ ಸೈನಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದಾಗ ಹೀಗಾಗುತ್ತದೆ. ಈ ಸೈನಸ್ ಗಾಳಿಯ ಗೂಡಲ್ಲ, ಮೆದುಳಿನ ಬುಡದಲ್ಲಿರುವ ರಕ್ತದ ಹಾದಿ. ಎರಡಕ್ಕೂ ಒಂದೇ ಹೆಸರು. ರಿಪೋರ್ಟಿನಲ್ಲಿ "ಸೈನಸ್ ಥ್ರಾಂಬೋಸಿಸ್" ಅಂತ ಕಂಡರೆ ಅದು ಮೂಗಿನ ಮಾತಲ್ಲ. ಆ್ಯಂಟಿಬಯಾಟಿಕ್ ಬರುವ ಮೊದಲು ಇದು ಬಂದವರು ಉಳಿಯುತ್ತಿದ್ದದ್ದೇ ಅಪರೂಪ.

ಕುತ್ತಿಗೆ ಬಿಗಿತ, ಬೆಳಕು ನೋಡಲು ಆಗದಿರುವುದು, ಜ್ವರ, ಜೋರು ತಲೆನೋವು ಒಟ್ಟಿಗೆ ಬಂದರೆ ಮೆನಿಂಜೈಟಿಸ್, ಅಂದರೆ ಮೆದುಳಿನ ಹೊದಿಕೆಯ ಸೋಂಕು ಇರಬಹುದು. ಫಿಟ್ಸ್, ಒಂದು ಕಡೆಯ ಕೈಕಾಲಿನಲ್ಲಿ ಸೋಲು, ಮಾತು ತೊದಲುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಇವು ಕೀವು ಮೆದುಳನ್ನು ಒತ್ತುತ್ತಿರುವ ಅಥವಾ ಮೆದುಳಿನೊಳಗೇ ಇರುವ ಗುರುತು. ಹೊದಿಕೆಯ ಕೆಳಗೆ ಕಟ್ಟುವ ಕೀವು, ಸಬ್‌ಡ್ಯೂರಲ್ ಎಂಪೈಮಾ, ಇವುಗಳಲ್ಲಿ ಅತಿ ಬೇಗ ಹರಡುವಂಥದ್ದು. ಅಲ್ಲಿ ಅದಕ್ಕೆ ಅಡ್ಡಗೋಡೆಯೇ ಇಲ್ಲ. ಬೆಳಿಗ್ಗೆ ಮಾತಾಡಿದವರು ಸಂಜೆಗೆ ಪ್ರಜ್ಞೆ ತಪ್ಪಬಹುದು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಕೀಮೋ ಪಡೆಯುತ್ತಿರುವವರು, ಅಂಗ ಕಸಿಯಾದವರು, ಬಹಳ ದಿನದಿಂದ ಸ್ಟೀರಾಯ್ಡ್ ಮಾತ್ರೆ ತಿನ್ನುವವರು ಇನ್ನೂ ಒಂದು ಕಣ್ಣು ಹೆಚ್ಚು ಇಟ್ಟಿರಬೇಕು. ಇವರಿಗೆ ಬ್ಯಾಕ್ಟೀರಿಯಾ ಅಲ್ಲದೆ ಶಿಲೀಂಧ್ರದ ಸೋಂಕೂ ಬರಬಹುದು. ಅದು ರಕ್ತನಾಳವನ್ನೇ ಮುಚ್ಚಿ ಅಂಗಾಂಶವನ್ನು ಕೊಲ್ಲುತ್ತಾ ಹೋಗುತ್ತದೆ. ಕೆನ್ನೆ ಮರಗಟ್ಟುವುದು, ಮೂಗಿನಲ್ಲಿ ಅಥವಾ ಅಂಗುಳಿನಲ್ಲಿ ಕಪ್ಪು ಕಲೆ, ಕಪ್ಪು ಹೊಪ್ಪಳಿಕೆ ಕಂಡರೆ ಮಧ್ಯರಾತ್ರಿಯಾದರೂ ಹೊರಡಿ.

ಮನೆಯಲ್ಲಿ ಒಂದು ನಿಮಿಷದಲ್ಲಿ ನೋಡಬಹುದಾದ್ದು ಇಷ್ಟು: ಗದ್ದ ಎದೆಗೆ ತಾಗುತ್ತದಾ? ನಕ್ಕಾಗ ಬಾಯಿ ಒಂದು ಕಡೆ ಎಳೆಯುತ್ತದಾ? ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿದಾಗ ಒಂದು ಕೈ ತಾನಾಗಿ ಇಳಿಯುತ್ತದಾ? ಇವತ್ತು ಯಾವ ದಿನ ಅಂತ ಸರಿಯಾಗಿ ಹೇಳುತ್ತಾರಾ? ಇದರಲ್ಲಿ ತಪ್ಪಿದರೆ ಹೊರಡಿ. ಆದರೆ ಎಲ್ಲ ಸರಿ ಇತ್ತು ಅಂತ ಧೈರ್ಯ ತಂದುಕೊಳ್ಳಬೇಡಿ. ತಲೆನೋವು, ಜ್ವರ, ಒಂದು ಕಡೆಯ ಸೋಲು, ಮೂರೂ ಒಟ್ಟಿಗೆ ಕಾಣುವುದು ಮೆದುಳಿನಲ್ಲಿ ಕೀವಾದವರಲ್ಲೂ ಕೆಲವರಿಗೆ ಮಾತ್ರ. ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು ತಲೆನೋವು.

ಹಂತ 4: ಔಷಧವನ್ನು ಅರ್ಧಕ್ಕೆ ಬಿಡಬೇಡಿ, ಕುರುಡಾಗಿ ಮುಗಿಸುತ್ತಲೂ ಕೂರಬೇಡಿ

ಉಳಿದ ಮಾತ್ರೆ ಕೊಡುವುದು ಯಾಕೆ ತಪ್ಪು ಅಂದರೆ, ಅದು ರೋಗವನ್ನು ಪೂರ್ತಿ ಕೊಲ್ಲುವುದಿಲ್ಲ, ರೋಗದ ಮುಖವನ್ನು ಮುಚ್ಚುತ್ತದೆ. ಜ್ವರ ಇಳಿಯುತ್ತದೆ, ಕೀವು ಉಳಿಯುತ್ತದೆ. ಆಮೇಲೆ ಪರೀಕ್ಷೆಯಲ್ಲಿ ರೋಗಾಣು ಬೆಳೆಯದೆ, ಯಾವ ಔಷಧ ಕೊಡಬೇಕೆಂದು ವೈದ್ಯರೂ ತಡಕಾಡಬೇಕಾಗುತ್ತದೆ.

ವೈದ್ಯರು ಆ್ಯಂಟಿಬಯಾಟಿಕ್ ಬರೆದರೆ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಆದರೆ ಇನ್ನೊಂದು ತಪ್ಪೂ ನಡೆಯುತ್ತದೆ. "7 ದಿನದ ಕೋರ್ಸ್ ಅಲ್ವಾ, ಮುಗಿಯಲಿ, ಆಮೇಲೆ ನೋಡೋಣ" ಅಂತ ಕಾಯುತ್ತಾರೆ. ಔಷಧ ಶುರು ಮಾಡಿ 2-3 ದಿನಕ್ಕೆ ಸುಧಾರಿಸುವ ಲಕ್ಷಣ ಕಾಣಬೇಕು. ಕಾಣದಿದ್ದರೆ, ಅಥವಾ ಕೆಟ್ಟರೆ, ಸ್ಟ್ರಿಪ್ ಮುಗಿಯುವವರೆಗೆ ಕಾಯದೆ ವಾಪಸ್ ಹೋಗಿ. ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಮನೆಯವರೆಲ್ಲ ನೆನಪಿಡಬೇಕಾದ್ದು ಇದೊಂದೇ.

ಮೂಗು ಬಿಡಿಸುವ ಸ್ಪ್ರೇ, ಅಂದರೆ ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಇರುವಂಥದ್ದು, 3 ದಿನಕ್ಕಿಂತ ಹೆಚ್ಚು ಬೇಡ. ಜಾಸ್ತಿ ದಿನ ಹಾಕಿದರೆ ಅದರಿಂದಲೇ ಮೂಗು ಕಟ್ಟುತ್ತದೆ. ಉಪ್ಪು ನೀರಿನಲ್ಲಿ ಮೂಗು ತೊಳೆಯುವುದು ಒಳ್ಳೆಯದೇ, ಆದರೆ ನಲ್ಲಿ ನೀರನ್ನು ನೇರವಾಗಿ ಬಳಸಬೇಡಿ. ನೀರು ಚೆನ್ನಾಗಿ ಮರಳಲು ಶುರುವಾದ ಮೇಲೆ 1 ನಿಮಿಷ ಕುದಿಸಿ, ಆರಿಸಿ ಬಳಸಿ. ಸಮುದ್ರಮಟ್ಟದಿಂದ 2,000 ಮೀಟರ್‌ಗಿಂತ ಎತ್ತರದಲ್ಲಿದ್ದರೆ 3 ನಿಮಿಷ. ಡಿಸ್ಟಿಲ್ಡ್ ನೀರೂ ಆಗುತ್ತದೆ. ಕುಡಿದರೆ ಏನೂ ಮಾಡದ ನೀಗ್ಲೇರಿಯಾ ಅನ್ನುವ ಅಮೀಬಾ ಮೂಗಿನ ಮೂಲಕ ಹೋದರೆ ನೇರವಾಗಿ ಮೆದುಳು ಸೇರುತ್ತದೆ. ಅಪರೂಪ, ಆದರೆ ಬಂದವರಲ್ಲಿ ಬದುಕುವವರು ಬಹಳ ಕಡಿಮೆ.

ಸೋಂಕು ಮುಖದ ಒಂದೇ ಕಡೆ ಇದ್ದು, ಕೆಟ್ಟ ವಾಸನೆ ಬರುತ್ತಿದ್ದರೆ ಹಲ್ಲಿನ ವೈದ್ಯರನ್ನೂ ನೋಡಿ. ಮೇಲಿನ ದವಡೆ ಹಲ್ಲಿನ ಬೇರು ಕೆನ್ನೆಯ ಸೈನಸ್‌ಗೆ ತಾಗಿಕೊಂಡಿರುತ್ತದೆ. ಹಲ್ಲು ಸರಿಯಾಗದೆ ಸೈನಸ್ ಸರಿಯಾಗುವುದಿಲ್ಲ.

ಹಂತ 5: ಆಸ್ಪತ್ರೆಯಲ್ಲಿ ಏನು ಹೇಳಬೇಕು

ಸಾಧ್ಯವಾದರೆ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್, ಇಎನ್‌ಟಿ ಮತ್ತು ನರಶಸ್ತ್ರಚಿಕಿತ್ಸೆ ಎಲ್ಲ ಒಂದೇ ಕಡೆ ಇರುವ ಆಸ್ಪತ್ರೆಗೆ ಹೋಗಿ. ಅದು ದೂರವಾದರೆ ಹತ್ತಿರದ ಆಸ್ಪತ್ರೆಗೇ ಹೋಗಿ, ಆ್ಯಂಟಿಬಯಾಟಿಕ್‌ನ ಮೊದಲ ಇಂಜೆಕ್ಷನ್ ಅಲ್ಲೇ ಶುರುವಾಗಲಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಏನೂ ತಿನ್ನಿಸಬೇಡಿ. ಮಂಪರಿನಲ್ಲಿ ಇರುವವರ ಬಾಯಿಗೆ ನೀರೂ ಹಾಕಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಎಷ್ಟು ಹೊತ್ತು ಬಂತು ಅಂತ ಗಡಿಯಾರ ನೋಡಿ, ಬಾಯಿಯೊಳಗೆ ಏನನ್ನೂ ತುರುಕಬೇಡಿ.

"ತಲೆನೋವು, ನೆಗಡಿ" ಅಂದರೆ ತುರ್ತು ವಿಭಾಗದಲ್ಲೂ ನಿಮ್ಮನ್ನು ಕಾಯಿಸಬಹುದು. ಹೀಗೆ ಹೇಳಿ ನೋಡಿ: "ಡಾಕ್ಟ್ರೇ, ನೆಗಡಿ ಶುರುವಾಗಿ 12 ದಿನ. ನಡುವೆ ವಾಸಿಯಾಗಿ ಮತ್ತೆ ಜ್ವರ ಬಂತು. ಈ ಮಾತ್ರೆ ಎರಡು ದಿನ ಕೊಟ್ಟಿದ್ದೇವೆ. ಇವತ್ತು ಬೆಳಿಗ್ಗೆಯಿಂದ ಮಂಕಾಗಿದ್ದಾನೆ, ಹಣೆ ಊದಿದೆ. ಸೈನಸ್‌ನಿಂದ ಮೆದುಳಿಗೆ ಏನಾದರೂ ಹೋಗಿರಬಹುದಾ?" ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಮನೆಯಲ್ಲಿ ಕೊಟ್ಟ ಮಾತ್ರೆಯನ್ನು ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ, ಸ್ಟ್ರಿಪ್ಪನ್ನೇ ತೋರಿಸಿ. ಅಲರ್ಜಿ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ.

ಬರೀ ಎಕ್ಸ್‌ರೇಯಲ್ಲಿ ಇದು ತಿಳಿಯುವುದಿಲ್ಲ. ಬಣ್ಣದ ಔಷಧ, ಅಂದರೆ ಕಾಂಟ್ರಾಸ್ಟ್, ಕೊಟ್ಟು ಮಾಡುವ ಸಿಟಿ ಬೇಗ ಆಗುತ್ತದೆ, ಮೂಳೆ ಚೆನ್ನಾಗಿ ಕಾಣುತ್ತದೆ. ಮೆದುಳು ಮತ್ತು ಅದರ ಹೊದಿಕೆಯನ್ನು ಎಂಆರ್‌ಐ ಇನ್ನೂ ಚೆನ್ನಾಗಿ ತೋರಿಸುತ್ತದೆ. ಸಿಟಿ ಸರಿ ಇದ್ದು ಲಕ್ಷಣ ಹಾಗೇ ಇದ್ದರೆ ಎಂಆರ್‌ಐ ಬೇಕಾ ಅಂತ ಕೇಳಿ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಯನ್ನು ಸ್ಕ್ಯಾನ್ ಆಗುವವರೆಗೆ ಮುಂದೂಡಿದರೆ ಗಾಬರಿಯಾಗಬೇಡಿ. ತಲೆಯೊಳಗೆ ಒತ್ತಡ ಇದ್ದಾಗ ಅದನ್ನು ಮಾಡುವುದು ಅಪಾಯ.

ಹಂತ 6: ಚಿಕಿತ್ಸೆ ಮತ್ತು ಮನೆಗೆ ಬಂದ ಮೇಲೆ

ಚಿಕಿತ್ಸೆ ಎರಡು ಕಡೆಯಿಂದ ನಡೆಯುತ್ತದೆ. ಇಎನ್‌ಟಿ ವೈದ್ಯರು ಮೂಗಿನ ಒಳಗಿನಿಂದಲೇ ಎಂಡೋಸ್ಕೋಪ್ ಹಾಕಿ ಸೈನಸ್ ತೆರೆದು ಕೀವು ತೆಗೆಯುತ್ತಾರೆ. ಬೇಕಾದರೆ ನರಶಸ್ತ್ರಚಿಕಿತ್ಸಕರು ತಲೆಬುರುಡೆ ತೆರೆದು ಅಥವಾ ಸಣ್ಣ ತೂತು ಮಾಡಿ ಒಳಗಿನದ್ದನ್ನು ತೆಗೆಯುತ್ತಾರೆ. ಸಣ್ಣ ಕೀವಾದರೆ ಕೆಲವೊಮ್ಮೆ ಔಷಧದಲ್ಲೇ ನೋಡುತ್ತಾರೆ. ನಮ್ಮ ಹುಡುಗನಿಗೆ ಎರಡೂ ತಂಡದವರು ಒಂದೇ ರಾತ್ರಿ ಕೆಲಸ ಮಾಡಿದರು.

ಆಮೇಲೆ ಉದ್ದದ ದಾರಿ. ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ 4ರಿಂದ 8 ವಾರ ನಡೆಯುತ್ತದೆ, ಹೆಚ್ಚಿನ ಪಾಲು ರಕ್ತನಾಳದ ಮೂಲಕವೇ. ಎರಡನೇ ವಾರ ರೋಗಿ ಎದ್ದು ಓಡಾಡುವಾಗ "ಸಾಕಲ್ವಾ" ಅನ್ನಿಸುತ್ತದೆ. ಸಾಕಾಗುವುದಿಲ್ಲ. ಮೂಳೆಯೊಳಗಿನ ಸೋಂಕು ನಿಧಾನವಾಗಿ ಹೋಗುತ್ತದೆ, ಬಿಟ್ಟರೆ ಮರಳುತ್ತದೆ. ನಡುವೆ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಅದು ಮೊದಲ ಸ್ಕ್ಯಾನ್‌ಗೆ ಹೋಲಿಸಲು, ಹಾಗಾಗಿ ಹಳೆಯ ಸಿಡಿ, ಫಿಲ್ಮ್ ಎಲ್ಲ ಒಂದೇ ಫೈಲಿನಲ್ಲಿ ಇಡಿ.

ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಈಜು, ವಿಮಾನ ಪ್ರಯಾಣ, ಗಾಡಿ ಓಡಿಸುವುದು ಯಾವಾಗ ಶುರು ಮಾಡಬಹುದು ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ. ಮಕ್ಕಳಾದರೆ ಓದಿನಲ್ಲಿ ಗಮನ, ನೆನಪು, ಸಿಟ್ಟು ಹೇಗಿದೆ ಅಂತ ಕೆಲವು ತಿಂಗಳು ನೋಡುತ್ತಿರಿ, ಶಾಲೆಯಲ್ಲೂ ಹೇಳಿಡಿ. ನಮ್ಮ ಹುಡುಗ ಮೊದಲ ಮೂರು ತಿಂಗಳು ಅರ್ಧ ಗಂಟೆಗಿಂತ ಹೆಚ್ಚು ಓದಲು ಆಗದೆ ಅಳುತ್ತಿದ್ದ. ಅದು ಸೋಮಾರಿತನ ಅಲ್ಲ ಅಂತ ವೈದ್ಯರು ಹೇಳಿದ ಮೇಲೆ ಅವನಿಗೂ, ಅಕ್ಕನಿಗೂ ಎಷ್ಟೋ ಹಗುರವಾಯಿತು.

ಮತ್ತೆ ತಲೆನೋವು ಏರಿದರೆ, ಜ್ವರ ಬಂದರೆ, ಹಣೆಯ ಗಾಯದ ಹತ್ತಿರ ಊದಿದರೆ ಅಥವಾ ಸೋರಿದರೆ, ಮೂಗಿನಿಂದ ನೀರಿನಂಥ ತಿಳಿ ದ್ರವ ತೊಟ್ಟಿಕ್ಕುತ್ತಲೇ ಇದ್ದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಡಿಸ್ಚಾರ್ಜ್ ಚೀಟಿ ಹಿಡಿದು ಅದೇ ದಿನ ಹೋಗಿ.